ಹಾಲು ಉಕ್ಕದ ಅಡುಗೆಮನೆ

ನಮ್ಮ ಹೊಸ ಮನೆಯ ಒಳಾಂಗಣವನ್ನು ನಾನೇ ಮುಗಿಸುತ್ತೇನೆ, ಒಬ್ಬ ಡಿಸೈನರನೂ ಹೊಸ್ತಿಲು ತುಳಿಯಕೂಡದು ಎಂದು ನಾನು ಘೋಷಿಸಿದಾಗ ಹೆಂಡತಿ ಹಂಸ ಅವರೆಕಾಳು ಹಿದುಕುತ್ತಿದ್ದಳು.

"ಮಿಕ್ಸಿ ರಿಪೇರಿ ಮಾಡಿದ್ರಲ್ಲ, ಹಂಗೇನಾ?" ಎಂದಳು, ತಲೆ ಎತ್ತದೆ.

ಮಹತ್ಕಾರ್ಯಕ್ಕೆ ಹೊರಟವರು ಇಂಥ ಮಾತಿಗೆ ಕಿವಿಗೊಡಬಾರದು. ಕೆ.ಆರ್. ಪುರದಾಚೆ, ಅತ್ತೆ ಪಟಾಲಮ್ಮನವರು ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ನಮಗೆ ಕೊಟ್ಟ ಸಣ್ಣ ಸೈಟಿನಲ್ಲಿ ಗೋಡೆಗಳು ಎದ್ದಾಗಿತ್ತು. ಒಳಗಿನದೆಲ್ಲ ನನ್ನ ಸಾಮ್ರಾಜ್ಯ. ಆರು ತಿಂಗಳು ದೊಮ್ಮಲೂರಿನ ಆಫೀಸಿನಲ್ಲಿ ಊಟದ ಹೊತ್ತಿನಲ್ಲೂ ಕೂತು, ಇನ್ನೂರು ಪುಟದ ಪುಸ್ತಕದಲ್ಲಿ ಪ್ರತಿ ಕಪಾಟು, ಪ್ರತಿ ಮೊಳೆಯ ಚಿತ್ರ ಬರೆದೆ. ಸಹೋದ್ಯೋಗಿಗಳು ನನ್ನನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತತೊಡಗಿದರು.

ನನ್ನ ಸಿದ್ಧಾಂತ ಒಂದೇ: ಈ ಮನೆಯಲ್ಲಿ ಬೆಂಕಿ, ಹೊಗೆ, ಕಲೆ ಮೂರೂ ಇರಬಾರದು. ಪ್ಲೈವುಡ್ಡು ಬೆಂಕಿ ಹತ್ತದ ಜಾತಿಯದು. ಸೀಲಿಂಗು ಅಚ್ಚ ಬಿಳಿ. ಗ್ಯಾಸ್ ಸಿಲಿಂಡರ್ ವಾಪಸು ಕೊಟ್ಟು ಇಂಡಕ್ಷನ್ ಒಲೆ ಕೂರಿಸಿದೆ. ಹಾಲು ಮೇಲೇಳುವುದನ್ನು ಅದೇ ಕಂಡುಹಿಡಿದು ತಾನೇ ಶಾಖ ಇಳಿಸುತ್ತಿತ್ತು.

ಶಿವಾಜಿನಗರದಿಂದ ಬರುತ್ತಿದ್ದ ಬಡಗಿ ಹಾಶಿಮ್ ತಲೆ ಕೆರೆದುಕೊಂಡ. "ಸಾರ್, ಗ್ಯಾಸ್ ಪೈಪಿಗೆ ಒಂದು ತೂತಾದ್ರೂ ಬಿಡ್ತೀನಿ. ಮುಂದೆ ಬೇಕಾಗತ್ತೆ."

"ಗ್ಯಾಸೆಲ್ಲ ಹಳೇ ಕಾಲ ಹಾಶಿಮ್ ಭಾಯ್. ಈ ಮನೇಲಿ ಹಾಲು ಉಕ್ಕೋದೇ ಇಲ್ಲ."

ಈ ಮಾತನ್ನು ನಾನು ಹೆಮ್ಮೆಯಿಂದ ಆಡಿದೆ ಎಂಬುದನ್ನು ಓದುಗರು ಗಮನಿಸಬೇಕು.

ಗೃಹಪ್ರವೇಶ ಜೂನಿನ ಒಂದು ಶುಕ್ರವಾರ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಮುಗಿಯದಿದ್ದರೆ ಆಷಾಢ ಕಳೆಯುವವರೆಗೆ ಮುಹೂರ್ತವಿಲ್ಲ. ಬಾಡಿಗೆ ಮನೆಯ ಬೀಗ ಮಾಲೀಕರಿಗೆ ಒಪ್ಪಿಸಿಯಾಗಿತ್ತು, ಸಾಮಾನು ತುಂಬಿದ ಲಾರಿ ಬಾಗಿಲಲ್ಲಿ ನಿಂತಿತ್ತು. ಸೀಲಿಂಗು ಕಪ್ಪಾಗುತ್ತದೆಂದು ಹೋಮವನ್ನೂ ಬೇಡವೆಂದು ಪುರೋಹಿತರನ್ನು ಒಪ್ಪಿಸಿದ್ದೆ. ಊಟ ಹೋಟೆಲಿನಿಂದ ಬರುವುದಿತ್ತು. ಉಳಿದದ್ದು ಹಾಲು ಉಕ್ಕಿಸುವ ಶಾಸ್ತ್ರ ಒಂದೇ.

ಅತ್ತೆ ಹಿತ್ತಾಳೆ ಪಾತ್ರೆ ಇಟ್ಟರು. ಇಂಡಕ್ಷನ್ ಒಲೆಗೆ ಹಿತ್ತಾಳೆಯ ಗುರುತು ಸಿಗದು; ಅದು ಕೀಂ ಎಂದು, ಪಾತ್ರೆಯೇ ಇಲ್ಲವೆಂದು ಸೂಚಿಸಿತು.

"ನಮ್ಮತ್ತೆ ಕಾಲದ್ ಪಾತ್ರೆ. ಇದ್ನ ಇಲ್ಲ ಅಂತೈತಾ?" ಎಂದರು ಅತ್ತೆ.

ಲಾರಿಯಿಂದ ಸ್ಟೀಲ್ ಪಾತ್ರೆ ಇಳಿಸಿ ತಂದೆ. ಹಾಲು ಕಾಯಿತು, ಏರಿತು, ಅಂಚಿಗೆ ಬಂತು. ಹೆಂಗಸರು ಕೈ ಮುಗಿದರು. ಒಲೆ ಕುಂಯ್ ಎಂದಿತು, ಹಾಲು ಇಳಿಯಿತು. ಹೀಗೆ ನಾಲ್ಕು ಸಲ.

"ಆರಿಸ್ರೀ ಅದರ ಬುದ್ಧಿವಂತಿಕೇನ," ಎಂದಳು ಹಂಸ.

ಅದನ್ನು ಆರಿಸುವ ಬಗೆ ಒಲೆಯ ಜೊತೆ ಬಂದ ಪುಸ್ತಿಕೆಯಲ್ಲಿತ್ತು. ಪುಸ್ತಿಕೆ ಲಾರಿಯಲ್ಲಿ, ಮೂವತ್ತು ಪ್ಲಾಸ್ಟಿಕ್ ಡಬ್ಬಗಳ ಪೈಕಿ ಯಾವುದೋ ಒಂದರಲ್ಲಿತ್ತು.

"ಎದುರುಮನೇಲಿ ಉಕ್ಕಿಸ್ಕೊಂಡು ಬರ್ಲಾ?" ಎಂದೆ.

"ಅಲ್ಲಿ ಉಕ್ಕಿದ್ರೆ ಆ ಮನೆಗೆ ಒಳ್ಳೇದು," ಎಂದರು ಅತ್ತೆ. "ಇಲ್ಲಿ ಉಕ್ಕದೆ ಒಂದು ಚಾಪೇನೂ ಒಳಕ್ಕೆ ಬರಂಗಿಲ್ಲ. ಆಷಾಢ ಕಳೀಲಿ."

ಎದುರುಮನೆಯವರ ಒಲೆಯನ್ನೇ ಹೊತ್ತು ತರೋಣವೆಂದರೆ ಅವರದು ಪೈಪಿನ ಗ್ಯಾಸು, ಗೋಡೆ ಬಿಟ್ಟು ಬರುವುದಿಲ್ಲ. ಇನ್ನು ಒಂದು ತಿಂಗಳು ಲಾರಿಯಲ್ಲೇ ಸಂಸಾರ.

ಪಕ್ಕದ ಕಟ್ಟಡದಲ್ಲಿ ಗಾರೆ ಕೆಲಸ ಮಾಡುವ ಯಾದಗಿರಿಯ ಪೀರಮ್ಮನನ್ನೂ ಊಟಕ್ಕೆ ಕರೆದಿದ್ದೆವು. ಆಕೆ ಸುಮ್ಮನೆ ಹೋಗಿ ಮೂರು ಇಟ್ಟಿಗೆ ತಂದು, ನನ್ನ ಹೊಳೆಯುವ ಟೈಲ್ಸಿನ ಮೇಲೆ ಒಲೆ ಹೂಡಿದಳು.

"ನನ್ನ ಕಟ್ಟಿಗಿ ಎಲ್ಲಾ ರಾತ್ರಿ ಮಳಿಗೆ ತೊಯ್ದಾವ್ರೀ. ನಿಮ್ಮ ಹಲಗಿ ತುಂಡು ಬಿದ್ದಾವಲ್ಲ, ಅವನ್ನೇ ಹಚ್ರಿ."

ಊಟಕ್ಕೆ ಬಂದಿದ್ದ ಹಾಶಿಮ್ ಪ್ಲೈವುಡ್ ತುಂಡುಗಳನ್ನು ಜೋಡಿಸಿದ. ಕರ್ಪೂರ ಇಟ್ಟರು, ತುಪ್ಪ ಸುರಿದರು. ಕರ್ಪೂರ ಉರಿದು ಮುಗಿಯಿತು. ಪ್ಲೈವುಡ್ಡಿಗೆ ಏನೂ ಆಗಲಿಲ್ಲ.

"ಹತ್ತಲ್ಲ ಅಮ್ಮಾ," ಎಂದ ಹಾಶಿಮ್. "ಸಾರ್ ಅಂಗಡೀಲೇ ಬೆಂಕಿ ಇಟ್ಟು ಚೆಕ್ ಮಾಡಿ ತಂದಿದ್ದು."

"ಈ ಮನೇಲಿ ಉರಿಯೋದು ಏನೂ ಇಲ್ವಾ, ನನ್ನ ಹೊಟ್ಟೆ ಒಂದು ಬಿಟ್ಟು?" ಹಂಸಳ ಕಣ್ಣು ತುಂಬಿತ್ತು.

ಹತ್ತೂ ಇಪ್ಪತ್ತು. ಎಲ್ಲರ ನೋಟ ನಿಧಾನವಾಗಿ ನನ್ನ ಕಂಕುಳಿಗೆ ಬಂದು ನಿಂತಿತು. ಅಲ್ಲಿ ನನ್ನ ಪುಸ್ತಕವಿತ್ತು. ಬಂದವರಿಗೆಲ್ಲ ತೋರಿಸಲೆಂದು ಬೆಳಿಗ್ಗೆಯಿಂದ ಹಿಡಿದುಕೊಂಡೇ ಓಡಾಡುತ್ತಿದ್ದೆ.

"ಬೇಡ," ಎಂದೆ.

"ಕೊಡ್ರೀ," ಎಂದಳು ಹಂಸ.

ಮೊದಲು ಬಚ್ಚಲುಮನೆ ಹೋಯಿತು. ಆಮೇಲೆ ಮಲಗುವ ಕೋಣೆ, ಟಿವಿ ಗೋಡೆ, ನಾಲ್ಕು ವಾರ ಕೂತು ಬರೆದ ಚಪ್ಪಲಿ ಗೂಡು. ಪುಟ ಹರಿದು ಹರಿದು ಒಲೆಗೆ ತಳ್ಳುತ್ತಿದ್ದವಳು ಪೀರಮ್ಮ, ನನಗೆ ನೋಡಲಾಗಲಿಲ್ಲ. ಹೊಗೆ ಸೀದಾ ಮೇಲೆ ಹೋಗಿ ಬಿಳಿ ಸೀಲಿಂಗಿನಲ್ಲಿ ದೊಡ್ಡದೊಂದು ಕರಿ ಚಕ್ರ ಬರೆಯಿತು. ಕಡೆಗೆ ಅಡುಗೆಮನೆಯ ನಲವತ್ತು ಪುಟ ಬಿದ್ದಾಗ, ಹತ್ತೂ ಇಪ್ಪತ್ತೇಳಕ್ಕೆ, ಹಾಲು ಧಾರಾಳವಾಗಿ ಪೂರ್ವದಿಕ್ಕಿಗೆ ಉಕ್ಕಿ ಟೈಲ್ಸಿನ ಮೇಲೆ ಹರಿಯಿತು.

ಹಂಸ ಕಣ್ಣೊರೆಸಿಕೊಂಡು ನಕ್ಕಳು. "ಅಂತೂ ನಿಮ್ಮ ಪ್ಲಾನು ಕೆಲಸಕ್ಕೆ ಬಂತು."

ಅತ್ತೆ ಕೆಂಡ ಕೆದಕಿ, ಬೂದಿ ನೋಡಿ, ನನ್ನ ಕಡೆ ತಿರುಗಿದರು. ಅಷ್ಟು ಅಕ್ಕರೆಯಿಂದ ಅವರು ನನ್ನನ್ನು ಎಂದೂ ನೋಡಿರಲಿಲ್ಲ.

"ಅಳಿಯಂದ್ರೇ, ಉಳಿದ ಹಾಲಿಗೆ ಪಾಯಸ ಮಾಡ್ಬೇಕು. ಇಂಥ ಪುಸ್ತಕ ಇನ್ನೊಂದು ಐತಾ?"

ಮುಂದೆ ಕಟ್ಟಲಿರುವ ಮಹಡಿಯದು ಇತ್ತು. ಲಾರಿಯಲ್ಲಿ ಡ್ರೈವರ್ ಸೀಟಿನ ಪಕ್ಕ ಜೋಪಾನವಾಗಿ ಇಟ್ಟಿದ್ದೆ. ಹೋಗಿ ತಂದುಕೊಟ್ಟೆ.