ಕೊನೆ ಗೊತ್ತಿದ್ದ ಸಿನಿಮಾ

ನಿಜವಾಗಿ ನಡೆದ ಕಥೆಯ ಸಿನಿಮಾ ಎಲ್ಲಿ ಬಂದರೂ ಏನಾದರೊಂದು ಫಜೀತಿ ಆಗಿಯೇ ಆಗುತ್ತದೆ. ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಅಂಥದ್ದೊಂದನ್ನು ಅರ್ಧಕ್ಕೇ ನಿಲ್ಲಿಸಿ, "ಕಡೀಕ ಸಾಯ್ತಾನ ಅಜ್ಜ, ಮೊದಲ ಹುಡುಕಿ ನೋಡೀನಿ" ಎಂದಳು. ನನಗೆ ನಮ್ಮ ಟಾಕೀಸಿನ ದಿನಗಳು ನೆನಪಾದವು.

ನಮ್ಮ ಮಾಲಕರಿಗೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿ ಒಂದೊಂದು ಟಾಕೀಸು. ಮೂರಕ್ಕೂ ನಾನೇ ಮ್ಯಾನೇಜರ್. ಒಮ್ಮೆ, ಬ್ರಿಟಿಷರ ಜೊತೆ ಕಾದಾಡಿ ಗಲ್ಲಿಗೇರಿದ ನಮ್ಮ ಕಡೆಯ ವೀರನೊಬ್ಬನ ಸಿನಿಮಾ ತಂದೆವು. "ಕಡೀಕ ಏನಾಗ್ತದಂತ ಸಣ್ಣ ಹುಡುಗರಿಗೂ ಗೊತ್ತೈತಿ. ಇಂಟರ್‌ವಲ್ ಆದಮ್ಯಾಲೆ ಜನ ಎದ್ದು ಹೋದ್ರ ನಿನ್ನ ನೌಕರಿನೂ ಹೋತು ಅಂತ ತಿಳಕೋ" ಎಂದರು ಮಾಲಕರು.

ಹಾವೇರಿ: ಅಪೀಲು

ಗಲ್ಲಿನ ತೀರ್ಪು ಬಂದದ್ದೇ ತಡ, ಜನ ಏಳತೊಡಗಿದರು. ಅಷ್ಟರಲ್ಲಿ ಬಾಲ್ಕನಿಯಿಂದ ವಕೀಲರೊಬ್ಬರು, "ಕುಂದ್ರಿ! ಇನ್ನೂ ಅಪೀಲಿಗೆ ಅವಕಾಶ ಐತಿ" ಎಂದು ಕೂಗಿದರು. ಕೋರ್ಟಿನ ಊರಲ್ಲವೇ, ಎಲ್ಲರೂ ಕೂತರು. ಸ್ಟೇ ಬರುತ್ತದೋ ಇಲ್ಲವೋ ಎಂದು ಉಸಿರು ಬಿಗಿಹಿಡಿದು ನೋಡಿದರು. ಬರಲಿಲ್ಲ.

ಹೊರಗೆ ಬರುವಾಗ ಆ ವಕೀಲರ ಕಕ್ಷಿದಾರ ಕಣ್ಣೊರೆಸಿಕೊಳ್ಳುತ್ತ, "ಅವನ ಕೇಸು ಎಷ್ಟ ಲಗೂ ಮುಗಿಸಿದ್ರಲ್ರೀ ಸಾಹೇಬ್ರ! ನನ್ನ ಹೊಲದ ಕೇಸೂ ಅದೇ ಕೋರ್ಟಿಗೆ ಹಾಕ್ರಿ" ಎಂದ.

ಬ್ಯಾಡಗಿ: ಘಾಟು

ಇಲ್ಲಿ ಮೆಣಸಿನಕಾಯಿ ಪೇಟೆಯಿಂದ ನೇರವಾಗಿ ಬಂದವರ ಅಂಗಿಯಲ್ಲೆಲ್ಲ ಘಾಟು. ವೀರ ಬಂಡೆಯ ಹಿಂದೆ ಅಡಗಿದ್ದಾನೆ, ಸಿಪಾಯಿಗಳು ಹುಡುಕುತ್ತಿದ್ದಾರೆ, ಟಾಕೀಸಿನಲ್ಲಿ ಯಾರೂ ಮಿಸುಕುತ್ತಿಲ್ಲ. ಆಗ ದಲಾಲರೊಬ್ಬರು ಜೋರಾಗಿ ಸೀನಿದರು.

"ಏ, ಮೂಗು ಮುಚ್ಕೋರಿ! ಸಿಕ್ಕಬೀಳ್ತಾನ!" ಎಂದು ಎಲ್ಲರೂ ಅವರ ಮೇಲೆ ಹರಿಹಾಯ್ದರು. ಅದೇ ಹೊತ್ತಿಗೆ ಸಿಪಾಯಿಗಳು ತಿರುಗಿದರು, ವೀರ ಸಿಕ್ಕಿಬಿದ್ದ.

ಮರುದಿನ ದಲಾಲರು ಬಂದು ಕೈಮುಗಿದರು: "ಮ್ಯಾನೇಜರ್ರ, ಪ್ಯಾಟ್ಯಾಗ ಯಾರೂ ನನ್ನ ಕೂಡ ಮಾತಾಡವಲ್ರು. ನಾ ಸೀನದಿದ್ರೂ ಅಂವ ಸಿಗ್ತಿದ್ದ ಅಂತ ಒಂದ ಮಾತು ಹೇಳ್ರಿ."

ರಾಣೆಬೆನ್ನೂರು: ಮೇಡ್ಲೇರಿ ಬಸ್ಸು

ಮ್ಯಾಟಿನಿಗೆ ಬರುವವರಲ್ಲಿ ಅರ್ಧ ಜನ ಮೇಡ್ಲೇರಿಯವರು. ಬಸ್ಸು ಹೊರಡುವಾಗ ಕಂಡಕ್ಟರ್ ನಮ್ಮ ಬಾಗಿಲಿಗೇ ಬಂದು "ಮೇಡ್ಲೇರಿ, ಮೇಡ್ಲೇರಿ!" ಎಂದು ಕೂಗುತ್ತಿದ್ದ. ಎಂಥ ಪ್ರೀತಿಯ ಕಾಲ ಅದು! ಆದರೆ ಅವನು ಕೂಗುತ್ತಿದ್ದದ್ದು ಸರಿಯಾಗಿ ವೀರ ಕುದುರೆ ಏರಿ ಪಾರಾಗುವಾಗ. ಅವರೆಲ್ಲ ಅಷ್ಟು ನೋಡಿ ಖುಷಿಯಿಂದ ಎದ್ದು ಹೋಗುತ್ತಿದ್ದರು.

ಒಂದು ದಿನ ಆಟ ನಡೆದಿತ್ತು, ಮಾಲಕರು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಎದ್ದು ಹೋಗುವವರನ್ನೇ ಕಾಯುತ್ತಿದ್ದರು. ಮೇಡ್ಲೇರಿಯ ಅಜ್ಜಿಯೊಬ್ಬಳು ಅಲ್ಲಿಯ ಸಾಲಿ ಮಾಸ್ತರರನ್ನು ಎಳೆದುಕೊಂಡು ಬಂದಳು.

"ವೀರನ್ನ ಗಲ್ಲಿಗೆ ಹಾಕಿದ್ರು ಅಂತ ಹುಡುಗರಿಗೆ ಸುಳ್ಳ ಕಲಸಾಕತ್ತಾರ್ರೀ ಇವ್ರು! ಅಂವ ಕುದುರಿ ಹತ್ತಿ ಪಾರಾಗಿದ್ದು ನಮ್ಮೂರವ್ರೆಲ್ಲಾ ಕಣ್ಣಾರೆ ನೋಡೇವಿ. ನೀವ ಹೇಳ್ರಿ, ಖರೇ ಯಾವುದು?"

ನೌಕರಿ ಉಳಿಸಿಕೊಳ್ಳಲು ಇದೇ ಸಮಯ ಎಂದುಕೊಂಡು, "ಅಜ್ಜಿ, ನೀವು ಬಸ್ಸಿಗೆ ಏಳೂತನಕ ಪಾರಾಗಿರ್ತಾನ. ಇವತ್ತೊಂದಿನ ಕಡೀತನಕ ಕುಂದ್ರಿ, ಗೊತ್ತಾಗ್ತದ" ಎಂದೆ.

ಅಜ್ಜಿ ಮಾಸ್ತರರ ಕೈ ಬಿಟ್ಟಳು. "ಅಂದ್ರ, ನಾವು ಕುಂತ್ರ ಸಾಯ್ತಾನ, ಎದ್ದು ಹೋದ್ರ ಉಳೀತಾನ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಬಾಗಿಲ ಪರದೆ ಸರಿಸಿ ಒಳಗೆ ಮುಖ ಹಾಕಿ ಕೂಗಿದಳು: "ಎಲ್ಲಾರೂ ಏಳ್ರಿ! ಬಸ್ಸು ಬರದಿದ್ರ ನಡಕೊಂಡು ಹೋಗೂಣು, ಆ ಮನಿಷ್ಯಾ ಬದುಕ್ಲಿ!"

ಟಾಕೀಸು ಖಾಲಿಯಾಗತೊಡಗಿತು. ನೌಕರಿ ಹೋಯಿತೆಂದು ಮಾಲಕರ ಕಡೆ ತಿರುಗಿದೆ. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ನಡಿಯೋ, ಲಗೂ ಹೋಗೂಣು" ಎಂದರು. "ಉಳಕೊಳ್ಳಲಿ ಪಾಪ."