ಮಾಮನ ಕೋಳಿಗೂಡು ಮತ್ತು ಊರವರ ಮೂಗು

ನಮ್ಮ ಮಾಮನ ಮನೆಗೆ ಹೋದವರಿಗೆ ಮೊದಲು ಸಿಗುವುದು ನೀರಲ್ಲ, ಚಹಾ ಅಲ್ಲ. ಹಿತ್ತಲಿನ ಕೋಳಿಗೂಡಿನ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ! ಅದರ ಮೇಲೆ ಕೂತು, ಕಣ್ಣು ಮುಚ್ಚಿ, ಮೂರು ಸಲ ಜೋರಾಗಿ ಉಸಿರೆಳೆದು, "ಏನೂ ವಾಸನೆ ಇಲ್ಲ" ಎಂದು ಬಾಯಿಬಿಟ್ಟು ಹೇಳಬೇಕು. ಚಹಾ ಆಮೇಲೆ. ನೀವು ಬೀಗರಾಗಿರಿ, ಲಗ್ನಪತ್ರಿಕೆ ಕೊಡಲು ಬಂದವರಾಗಿರಿ, ಕರೆಂಟ್ ಮೀಟರ್ ನೋಡಲು ಬಂದವರಾಗಿರಿ, ಈ ಕುರ್ಚಿ ಯಾರಿಗೂ ತಪ್ಪಿದ್ದಲ್ಲ.

ಇದಕ್ಕೆ ಊರವರ ಮೂಗು ಏಕೆ, ಸ್ವಂತದ್ದು ಇಲ್ಲವೇ ಎಂದು ಕೇಳುತ್ತೀರಾ? ಇದೆ. ಧಾರಾಳವಾಗಿಯೇ ಇದೆ, ನಮ್ಮ ತಾಯಿಯ ಕಡೆಯವರು ಮೂಗಿನ ವಿಷಯದಲ್ಲಿ ಎಂದೂ ಕಂಜೂಸಿ ಮಾಡಿದವರಲ್ಲ. ಆದರೆ ಕೊರೋನಾ ಬಂದು ಹೋದಾಗ ಮಾಮನ ಮೂಗು ವಾಸನೆಯನ್ನು ಮರೆತದ್ದು ಮರೆತೇಬಿಟ್ಟಿತು. "ಈಗ ಇದು ಬರೇ ಚಾಳೀಸ ಇಡಾಕ ಐತಿ" ಎಂದು ಕನ್ನಡಕ ಸರಿಮಾಡಿಕೊಳ್ಳುತ್ತಾನೆ.

ಮಾಮ ಎಂದರೆ ನಮ್ಮಮ್ಮನ ತಮ್ಮ. ಇರುವುದು ಕುರುಗೋಡಿನಲ್ಲಿ. ಬಳ್ಳಾರಿ–ಸಿರುಗುಪ್ಪದ ನಡುವೆ ಬಸ್ಸಿನಲ್ಲಿ ಕಂಡಕ್ಟರಾಗಿ ಓಡಾಡಿ ನಿವೃತ್ತನಾದವನು. ಮೂರು ವರ್ಷದ ಹಿಂದೆ ಅವನ ಹೆಂಡತಿ, ನಮ್ಮತ್ತೆ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ಆದರೆ ನಡಿಗೆ ಗೋಡೆ ಹಿಡಿದು ನಾಲ್ಕು ಹೆಜ್ಜೆಗೆ ನಿಂತಿತು. ದಿನವಿಡೀ ಸೂರು ನೋಡುತ್ತ ಮಲಗಿದ್ದವಳಿಗೆ ಹೊತ್ತು ಹೋಗಲೆಂದು ಮಾಮ ಒಂದು ದಿನ ಹನ್ನೊಂದು ನಾಟಿ ಕೋಳಿ ತಂದು, ಅವಳ ಕಿಟಕಿಯ ಎದುರಿಗೇ ಗೂಡು ಕಟ್ಟಿದ. ಕೋಳಿಗಳ ಜಗಳ ನೋಡಿ ಅತ್ತೆ ಎಷ್ಟೋ ತಿಂಗಳ ಮೇಲೆ ನಕ್ಕಳು. ಆದರೆ ಗೂಡಿಗೂ ಮಂಚಕ್ಕೂ ನಡುವೆ ಮೂರೇ ಮಾರು. ವಾಸನೆ ಬಂದರೆ? ಅದು ಮಾಮನಿಗೆ ಗೊತ್ತಾಗುವುದಾದರೂ ಹೇಗೆ? ಅಲ್ಲಿಂದ ಶುರುವಾಯಿತು ನೋಡಿ ಈ ಕುರ್ಚಿಯ ದರ್ಬಾರು!

ಒಮ್ಮೆ ನನ್ನ ಗಂಡ ನೆಗಡಿ ಹಚ್ಚಿಕೊಂಡು ಬಂದಿದ್ದರು. ಕುರ್ಚಿಯ ಮೇಲೆ ಕೂರುವಷ್ಟರಲ್ಲಿ ಎರಡು ಸೀನು. ಮಾಮ ಅವರ ತೋಳು ಹಿಡಿದು ಎಬ್ಬಿಸಿದ. "ಏಳ್ರಿ ಅಳಿಯಂದ್ರ, ನಿಮ್ಮ ಮೂಗು ಇವತ್ತು ಡ್ಯೂಟಿಗಿಲ್ಲ." ಪಾಪ, ಅವರಿಗೆ ಅವತ್ತು ಚಹಾ ಕೂಡ ಅರ್ಧ ಲೋಟವೇ ಸಿಕ್ಕಿತು.

ಮೊದಮೊದಲು ಮಾಮ ಘಮಘಮ ಅನ್ನಿಸಿದರೆ ದುರ್ವಾಸನೆ ಓಡಿಹೋಗುತ್ತದೆ ಎಂದು ನಂಬಿದ್ದ. ಬೆಳಿಗ್ಗೆ ಫಿನಾಯಿಲು, ಮಧ್ಯಾಹ್ನ ಕರ್ಪೂರ, ಸಂಜೆ ಲೋಬಾನದ ಹೊಗೆ! ಗೂಡು ಯಾವುದೋ ದರ್ಗಾದ ಹಾಗೆ ಹೊಗೆಯಾಡುತ್ತಿತ್ತು. ಕೋಳಿಗಳು ಕೆಮ್ಮಿದವು, ಸೀನಿದವು, ಕೊನೆಗೆ ಮೊಟ್ಟೆ ಇಡುವುದನ್ನೇ ನಿಲ್ಲಿಸಿದವು. ಪಶುವೈದ್ಯರು ಬಂದು ನೋಡಿ ಹಣೆ ಹಣೆ ಬಡಿದುಕೊಂಡರು. "ಏನ್ರಿ ಇದು, ಕೋಳಿ ಸಾಕಾಕತ್ತೀರೋ, ದೆವ್ವ ಬಿಡಸಾಕತ್ತೀರೋ? ಕೆಳಗ ಹಾಸಿದ ಭತ್ತದ ಹೊಟ್ಟು ಒಣಗಿರ್ಲಿ, ಗಾಳಿ ಆಡ್ಲಿ. ಹಸಿ ಆದ್ರನ ವಾಸನಿ. ಇಷ್ಟ ನೋಡ್ರಿ ಮಂತ್ರ."

ಅಂದಿನಿಂದ ಮಾಮನಿಗೆ ನೀರೇ ಶತ್ರು. ಕೋಳಿಗಳು ಕುಡಿಯುವಾಗ ಪಕ್ಕದಲ್ಲಿ ಕೂತು ಕಾವಲು ಕಾಯುತ್ತಾನೆ, ಒಂದು ಹನಿ ಚೆಲ್ಲಿದರೂ "ಲೇ, ಬಾಯಿ ಒರಸ್ಕೋ!" ದಿನವೂ ಬೆಳಿಗ್ಗೆ ಕೋಳಿಗಳು ಕೂರುವ ಕೋಲಿನ ಕೆಳಗಿನ ಹಿಕ್ಕೆ ಬಳಿದು ತೆಗೆಯುತ್ತಾನೆ, ಸಲಿಕೆಯಿಂದ ಹೊಟ್ಟನ್ನು ಮೇಲೆ ಕೆಳಗೆ ಮಾಡುತ್ತಾನೆ. ಸಂಜೆ ಸೀಟಿ ಊದಿ ಕೋಳಿಗಳನ್ನು ಒಳಗೆ ಹತ್ತಿಸುವುದನ್ನಂತೂ ನೋಡಬೇಕು! "ಮುಂದ ಹೋಗ್ರಿ, ಮುಂದ ಜಾಗ ಐತಿ! ಬಾಗಿಲದಾಗ ನಿಂದ್ರಬ್ಯಾಡ್ರಿ!" ಬಸ್ಸಿನ ಜನ ಮೂವತ್ತು ವರ್ಷ ಕೇಳದ ಮಾತನ್ನು ಕೋಳಿಗಳು ಮೂರೇ ತಿಂಗಳಲ್ಲಿ ಕಲಿತವು.

ಇನ್ನು ಹೊಟ್ಟು. ಕುರುಗೋಡಿನಲ್ಲಿ ಸಿಗುವ ಹೊಟ್ಟು ಆಗದು. ಸಿರುಗುಪ್ಪದ ರೈಸ್ ಮಿಲ್ಲಿನದೇ ಆಗಬೇಕು. ಒಂದು ಭಾನುವಾರ ಅವನ ಮೊಪೆಡ್ಡಿನ ಹಿಂದೆ ನಾನೂ ಹೋಗಿದ್ದೆ. ಮಿಲ್ಲಿನಲ್ಲಿ ಅವನು ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು, ಕೆನ್ನೆಗೆ ಒತ್ತಿ, ತೇವ ಪರೀಕ್ಷೆ ಮಾಡುವುದನ್ನು ಕಂಡು ಅಲ್ಲಿನ ಗುಮಾಸ್ತ ಗಾಬರಿಯಾದ. ಬರುವಾಗ ನನ್ನ ಬೆನ್ನ ಹಿಂದೆ ಕಟ್ಟಿದ್ದ ಚೀಲ ಬಾಯಿಬಿಟ್ಟಿತು. ಹಿಂದೆ ಬರುತ್ತಿದ್ದ ಬಸ್ಸಿನ ಗಾಜಿಗೆಲ್ಲ ಹೊಟ್ಟಿನ ಮಳೆ! ಡ್ರೈವರು ತಲೆ ಹೊರಗೆ ಹಾಕಿ ಬೈಯಲು ಶುರು ಮಾಡಿ, ಮುಖ ಗುರುತು ಹಿಡಿದು, ಕೈ ಮುಗಿದು, "ನೀವಾ ಸಾರ್? ರಿಟೈರ್ ಆದ್ರೂ ನನ್ನ ಗಾಡಿ ಬಿಡವಲ್ರಿ!" ಎಂದ.

ಇಷ್ಟೆಲ್ಲ ಮಾಡುವವನ ಮೇಲೆ ಹೋದ ಮಳೆಗಾಲದಲ್ಲಿ ಒಂದು ಪೆಟ್ಟು ಬಿತ್ತು. ನಮ್ಮ ಕಡೆ ಅಪರೂಪಕ್ಕೆ ಬರುವ ಮಳೆ ಆ ಸಲ ವಾರವಿಡೀ ಹಿಡಿದು ಹೊಡೆಯಿತು. ಮಳೆ ನಿಂತ ಭಾನುವಾರ ನಾನು ಹೋಗಿ ಕುರ್ಚಿಯ ಮೇಲೆ ಕೂತೆ. ಉಸಿರೆಳೆದೆ. ಅಯ್ಯೋ! ಕಣ್ಣಲ್ಲಿ ನೀರು ಬರುವಂಥ ಘಾಟು. ಮಾಮ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗನಂತೆ ನನ್ನ ಮುಖವನ್ನೇ ನೋಡುತ್ತಿದ್ದ. ಆ ಮುಖ ನೋಡಿ ನಿಜ ಹೇಳಲು ಬಾಯಿ ಬರಲಿಲ್ಲ. "ಏನೂ ಇಲ್ಲ ಮಾಮ" ಎಂದೆ.

ಅಷ್ಟರಲ್ಲಿ ಹಿಂದಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ನರ್ಸಮ್ಮ ಸೆರಗು ಮೂಗಿಗೆ ಹಿಡಿದು ಬಂದಳು. ಆದೋನಿ ಕಡೆಯವಳು, ಅರ್ಧ ತೆಲುಗು ಅರ್ಧ ಕನ್ನಡ. "ಅಣ್ಣಾ, ಏಮನುಕೋಬ್ಯಾಡ್ರಿ, ತಪ್ಪ ತಿಳೀಬ್ಯಾಡ್ರಿ. ನಾಲ್ಕು ದಿನದಿಂದ ಬಾಳ ವಾಸನಿ. ಕಿಟಿಕಿ ತೆಗಿಯಾಕ ಆಗವಲ್ದು."

ಮಾಮ ನಕ್ಕ. "ನಮ್ಮ ಗೂಡಲ್ಲವ್ವಾ. ಈಗಿನ್ನ ನಮ್ಮ ಹುಡುಗಿ ನೋಡ್ಯಾಳ. ಹೇಳವಾ ನೀನು."

ನಾನು ನೆಲ ನೋಡಿದೆ.

ಮಾಮನ ನಗು ಹಾಗೇ ಇಳಿಯಿತು. "ಅಂದ್ರ, ಬರ್ತೈತಾ?"

"ಸ್ವಲ್ಪ ಐತಿ ಮಾಮ. ನಿನಗ ಬ್ಯಾಸರ ಆಗ್ತೈತಿ ಅಂತ…"

ಅವನು ಸರಸರ ಒಳಗೆ ಹೋಗಿ ಕಿಟಕಿಯ ಪಕ್ಕದ ಮಂಚದ ಮುಂದೆ ನಿಂತ. "ನಿನಗೂ ಬರ್ತಿತ್ತೇನು?"

ಅತ್ತೆ ಕಿಟಕಿಯಾಚೆ ಕೋಳಿಗಳ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, "ಹೇಳಿದ್ರ ಕೋಳಿ ಕಳಿಸಿಬಿಡ್ತಿದ್ರಿ" ಎಂದಳು.

ಅವಳು ಹೇಳಿದ್ದು ಸುಳ್ಳಲ್ಲ. ಮಾಮ ದೊಡ್ಡ ಬುಟ್ಟಿ ತಂದು ಕೋಳಿಗಳನ್ನು ಒಂದೊಂದಾಗಿ ಹಿಡಿದು ತುಂಬತೊಡಗಿದ. ಕೊಳಗಲ್ಲಿನ ನೆಂಟರಿಗೆ ಕೊಟ್ಟು ಬರುತ್ತಾನಂತೆ. "ಎಲ್ಲಾರೂ ಸೇರಿ ನನ್ನ ಹುಚ್ಚ ಮಾಡೀರಿ. ಮೂಗಿಲ್ಲದಾಂವ ಅಂತ ಆಟ ಆಡೀರಿ" ಎನ್ನುತ್ತ ಇನ್ನೊಂದು ಕೋಳಿಯನ್ನು ಬುಟ್ಟಿಗೆ ತುರುಕಿದ. ಅದುವರೆಗೆ ಆ ಕುರ್ಚಿಯನ್ನು ನಾವೆಲ್ಲ ತಮಾಷೆ ಎಂದೇ ತಿಳಿದಿದ್ದೆವು. ಅವನು ನಮ್ಮನ್ನು ನಂಬಿ ಅದನ್ನು ಅಲ್ಲಿ ಹಾಕಿದ್ದ ಎಂಬುದು ನನಗೆ ಆಗ ಹೊಳೆಯಿತು. ನಾಚಿಕೆಯಿಂದ ನನ್ನ ಮುಖ ಸಣ್ಣದಾಯಿತು.

ಬುಟ್ಟಿಗೆ ಅಡ್ಡ ನಿಂತವಳು ನರ್ಸಮ್ಮ. "ಜ್ವರ ಬಂತಂತ ಪೇಷೆಂಟನ್ನ ಊರು ಬಿಡಿಸ್ತಾರೇನಣ್ಣಾ? ಎಲ್ಲಿ ಹಸಿ ಐತಿ ನೋಡೋಣ್ರಿ." ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಗೂಡಿನೊಳಗೆ ಹೊಕ್ಕೇಬಿಟ್ಟಳು! ಮೂಗು ಹಿಡಿದು ಬಂದವಳು ಈಗ ಮೂಗನ್ನೇ ದೀಪದ ಹಾಗೆ ಮುಂದೆ ಮಾಡಿಕೊಂಡು ಮೂಲೆ ಮೂಲೆ ಹುಡುಕಿದಳು. "ಇಲ್ಲೈತಿ!" ಎಂದು ಕೂಗಿದ್ದು ಮಾಮನ ಸಲಿಕೆ ತಲುಪದ ಹಿಂದಿನ ಮೂಲೆಯಿಂದ. ಮೇಲಿನ ತಗಡಿನಲ್ಲಿ ಒಂದು ಮೊಳೆ ಸಡಿಲಾಗಿ, ಅದರ ತೂತಿನಿಂದ ಹನಿ ಇಳಿದು, ಅಡಿಯ ಹೊಟ್ಟು ಕೊಳೆತು ಗಟ್ಟಿಯಾಗಿತ್ತು. ಮೇಲೆ ಮಾತ್ರ ಆಮೇಲೆ ಉದುರಿಸಿದ ಒಣ ಹೊಟ್ಟು. ಮಾಮನ ಕೈಗೆ ಗೊತ್ತಾಗುವಂತೆಯೇ ಇರಲಿಲ್ಲ.

ಮೂವರೂ ಸೇರಿ ಕೊಳೆತದ್ದನ್ನೆಲ್ಲ ಎತ್ತಿ ತಿಪ್ಪೆಗೆ ಹಾಕಿದೆವು. ನೆಲ ಕೆರೆದು, ಬಿಸಿಲಿಗೆ ಬಿಟ್ಟು, ಸುಣ್ಣದ ಪುಡಿ ಉದುರಿಸಿದೆವು. ಮಾಮ ತೂತು ಮುಚ್ಚಿ ಹೊಸ ಹೊಟ್ಟು ಹರವಿದ. ಸಂಜೆಯ ಹೊತ್ತಿಗೆ ನರ್ಸಮ್ಮ ಕುರ್ಚಿಯ ಮೇಲೆ ಕೂತು, ಮೂರು ಸಲ ಉಸಿರೆಳೆದು, "ಈಗ ಕ್ಲೀನ್" ಎಂದಳು. ಮಾಮ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. "ಇನ್ನ ಮ್ಯಾಲೆ ನಿನ್ನ ಮೂಗ ನಮಗ ಮೂಗವ್ವಾ" ಎಂದು ಅವಳಿಗೆ ಎರಡು ಲೋಟ ಚಹಾ ಕೊಟ್ಟ!

ಕೈಕಾಲು ತೊಳೆದು ಒಳಗೆ ಬಂದೆ. ಅತ್ತೆ ಕಿಟಕಿಗೆ ಮುಖಮಾಡಿ ಕೂತಿದ್ದಳು, ಮಾಮ ಅವಳ ಹಿಂದೆ ಕೂತು ತಲೆಗೆ ಎಣ್ಣೆ ಹಚ್ಚುತ್ತಿದ್ದ. ದವನ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ. ಮೊದಲೆಲ್ಲ ಅದನ್ನು ಅತ್ತೆಯೇ ಕಾಯಿಸುತ್ತಿದ್ದಳು. ಒಲೆಯ ಮುಂದೆ ನಿಲ್ಲಲಾಗದ ಮೇಲೆ ಮಾಮ ಕಾಯಿಸುತ್ತಾನೆಂದು ನನಗೆ ಗೊತ್ತೇ ಇರಲಿಲ್ಲ.

"ಇಲ್ಲಿ ಬಾರವಾ" ಎಂದ ಮಾಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಇದನ್ನೊಂದು ಮೂಸಿ ನೋಡು. ಆಕಿ ಮಾಡಿದಾಗ ಹೆಂಗಿರ್ತಿತ್ತು, ಹಂಗ ಐತೇನು? ಈ ಸರತಿ ಖರೇ ಹೇಳು."

ನಾನು ಅತ್ತೆಯ ತಲೆಯ ಮೇಲೆ ಬಗ್ಗಿದೆ. ಅತ್ತೆ ಕಣ್ಣಲ್ಲೇ ಬೇಡ ಬೇಡ ಎಂದಳು. ಆದರೆ ಇನ್ನೊಂದು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಇಲ್ಲ ಮಾಮ. ದವನ ಸೀದೈತಿ."

ಮಾಮನ ಕೈ ಅವಳ ಕೂದಲಲ್ಲೇ ನಿಂತಿತು. "ಎಷ್ಟು ದಿನದಿಂದ?" ಎಂದು ಕೇಳಿದ.

"ಎರಡು ವರ್ಷ ಆತು" ಎಂದಳು ಅತ್ತೆ. ತಿರುಗಿ ನೋಡದೆ, ಅವನ ಆ ಎಣ್ಣೆಗೈಯನ್ನು ಎಳೆದು ತನ್ನ ಕೆನ್ನೆಗೆ ಒತ್ತಿಕೊಂಡಳು. "ಈಗ ನನಗ ಇದ ವಾಸನಿ ಬೇಕು. ನೀವು ಏನೂ ಬದಲ ಮಾಡಬ್ಯಾಡ್ರಿ."