ಬಂದೂಕಿನ ಕಾನೂನು ಮತ್ತು ನಮ್ಮ ಮನೆತನದ ಗುಂಪು

ಸುಳ್ಳನ್ನು ನಾನು ಹೇಗೋ ಸಹಿಸಿಕೊಳ್ಳುತ್ತೇನೆ. ಅದರ ಕೆಳಗೆ ‘ನೂರಕ್ಕೆ ನೂರು ಸತ್ಯ, ಎಲ್ಲರಿಗೂ ಕಳಿಸಿ’ ಎಂದು ಬರೆದಿರುತ್ತದಲ್ಲ, ಅದನ್ನು ಮಾತ್ರ ಸಹಿಸಲಾರೆ. ಹಾಗಂತ ಸತ್ಯಕ್ಕಾಗಿ ಪ್ರಾಣ ಬಿಡುವವನೂ ನಾನಲ್ಲ. ಯಲಬುರ್ಗಾದ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಎಷ್ಟೋ ಸುಳ್ಳು ರಜಾ ಅರ್ಜಿಗಳನ್ನು ಗೊತ್ತಿದ್ದೂ ಮುಂದೆ ಕಳಿಸಿದ್ದೇನೆ. ಅವುಗಳಲ್ಲಿ ಒಂದೆರಡು ನನ್ನವೇ. ಆದರೆ ಬಂದೂಕಿನ ಮಾತು ಬೇರೆ. ಹೊಲ ಕಾಯಲು ಬಂದೂಕು ಇಟ್ಟುಕೊಂಡವರ ಪರವಾನಗಿ ಕಡತಗಳು ವರ್ಷಾನುಗಟ್ಟಲೆ ನನ್ನ ಮೇಜಿನ ಮೇಲೆಯೇ ಇದ್ದವು. ಆ ಒಂದು ವಿಷಯದಲ್ಲಾದರೂ ನನಗೆ ತಿಳಿದಿದೆ ಎಂಬ ಹೆಮ್ಮೆಯಲ್ಲಿ ನಿವೃತ್ತನಾಗಿ ಕೊಪ್ಪಳದಲ್ಲಿ ಕೂತಿದ್ದೆ.

ಅಂಥದರಲ್ಲಿ ಗಂಗಾವತಿಯಲ್ಲಿ ಸಿಮೆಂಟ್ ಅಂಗಡಿ ಇಟ್ಟಿರುವ ನನ್ನ ಹೆಂಡತಿಯ ತಮ್ಮ ವೀರೇಶ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿದ. ‘ಹೊಸ ಕಾನೂನು. ಇನ್ನು ಬಂದೂಕಿಗೆ ಪರವಾನಗಿ ಬೇಡ. ಅಂಗಳಕ್ಕೆ ಕಾಲಿಟ್ಟ ಕಳ್ಳನಿಗೆ ಗುಂಡು ಹೊಡೆದರೆ ಕೇಸಿಲ್ಲ.’ ನನ್ನ ಮೈ ಉರಿಯಿತು. ಪರವಾನಗಿ ಬೇಕೇ ಬೇಕು, ಆತ್ಮರಕ್ಷಣೆಯ ಹಕ್ಕಿದೆ ನಿಜ, ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ ಎಂದು ವಿವರವಾಗಿ ಬರೆದೆ. ಅರ್ಧ ಗಂಟೆ ಹಿಡಿಯಿತು. ಅರ್ಧ ನಿಮಿಷದಲ್ಲಿ ಅವನ ಉತ್ತರ ಬಂತು: “ಮಾಮಾರ, ನೀವು ರಿಟೈರ್ ಆದ ಮ್ಯಾಲೆ ಕಾನೂನು ಬದಲಾಗೈತ್ರಿ.”

ಇದಕ್ಕಿಂತ ಅವನು ಬೈದಿದ್ದರೆ ಚೆನ್ನಾಗಿತ್ತು. ಮೂರು ದಿನ ಕಾದಾಡಿದೆವು. ಅಮೆರಿಕದಲ್ಲಿ ಮನೆಮನೆಗೂ ಬಂದೂಕಿರುವುದರಿಂದ ಅಲ್ಲಿ ಕಳ್ಳರೇ ಇಲ್ಲ ಎಂದು ಅವನು ವಿಡಿಯೋ ಕಳಿಸಿದ. ನಾನು ಹಳೆಯ ಕೈಪಿಡಿ ಹುಡುಕಿ, ಪುಟಪುಟವೂ ಫೋಟೋ ತೆಗೆದು ಹಾಕಿದೆ. ಹೆಂಡತಿ, “ಅಲ್ರೀ, ಅವಗ ಒಂದು ಫೋನ್ ಮಾಡಿ ಮಾತಾಡಿದ್ರ ಮುಗೀತಿತ್ತಲ್ಲ?” ಎಂದಳು. ಎಲ್ಲರೆದುರು ಹೇಳಿದ ಸುಳ್ಳನ್ನು ಎಲ್ಲರೆದುರೇ ಅಳಿಸಬೇಕೆಂದು ಅವಳಿಗೂ ಒಂದು ಭಾಷಣ ಬಿಗಿದೆ.

ನಾಲ್ಕನೆಯ ದಿನ ಹನುಮಸಾಗರದಿಂದ ಚಿಗವ್ವ, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಫೋನ್ ಮಾಡಿದಳು. “ಶೇಖರಾ, ನಿಮ್ಮ ಕಾಕಾ ಅಟ್ಟದ ಮ್ಯಾಲಿನ ಬಂದೂಕ ಇಳಿಸ್ಯಾರಪ್ಪ. ಎಣ್ಣಿ ಹಚ್ಚಿ ಒರಸಾಕ ಹತ್ಯಾರ. ಇನ್ನ ಲೈಸೆನ್ಸ್ ಬ್ಯಾಡಂತ, ಹೌದೇನು?”

ಕಾಕಾನ ಬಂದೂಕು ಕಾಡುಹಂದಿ ಓಡಿಸಲೆಂದು ತೆಗೆದುಕೊಂಡದ್ದು. ಊರಿನಲ್ಲಿ ಪಂಪ್‌ಸೆಟ್ಟಿನ ವೈರು ಕಳುವಾಗುತ್ತಿದ್ದುದರಿಂದ ಅವರಿಗೆ ಕಳ್ಳರ ಚಿಂತೆ ಹತ್ತಿತ್ತು. ಕಣ್ಣಿಗೆ ಪೊರೆ ಬೇರೆ. ಮರುದಿನ ಮುಂಜಾನೆಯೇ ಬಸ್ ಹಿಡಿದು ಕುಷ್ಟಗಿಗೆ ಹೋಗಿ, ಅಲ್ಲಿಂದ ಹನುಮಸಾಗರ ಮುಟ್ಟಿದೆ. ಹೇಳಬೇಕಾದದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಅಂಗಳಕ್ಕೆ ಕಾಲಿಟ್ಟೆ.

“ಯಾರಂವಾ? ಅಲ್ಲೇ ನಿಂದ್ರು.”

ಕಟ್ಟೆಯ ಮೇಲೆ ಕೂತ ಕಾಕಾ ನಳಿಗೆಯನ್ನು ನೇರ ನನ್ನ ಎದೆಗೆ ಹಿಡಿದಿದ್ದರು. ಬಾಯಿಪಾಠವೆಲ್ಲ ಆವಿಯಾಯಿತು. ಕೈಚೀಲ ಬಿಟ್ಟು ಎರಡೂ ಕೈ ಮೇಲೆತ್ತಿದೆ.

“ಕಾಕಾ, ನಾನ್ರಿ.”

“ನಾನಂದ್ರ ಯಾರು?”

ಅಷ್ಟರಲ್ಲಿ ಚಿಗವ್ವ ಹೊರಗೆ ಬಂದು, “ನಮ್ಮ ಶೇಖರ ಅದಾನರಿ, ಇಳಸ್ರಿ ಅದನ್ನ” ಎಂದು ನಳಿಗೆಯನ್ನು ಪಕ್ಕಕ್ಕೆ ಸರಿಸಿದಳು. “ಮದ್ದು ತುಂಬಿಲ್ಲ ತಗೋ” ಎಂದು ಕಾಕಾ ನಕ್ಕರು. ನನಗೆ ನಗು ಬರಲಿಲ್ಲ. ಕಟ್ಟೆಗೆ ಕುಸಿದು ಒಂದು ತಂಬಿಗೆ ನೀರು ಕುಡಿದೆ.

“ಕಾಕಾ, ಆ ಮೆಸೇಜು ಸುಳ್ಳು. ನಿಮ್ಮ ಲೈಸೆನ್ಸ್ ಇನ್ನೂ ಚಾಲ್ತಿ ಐತೇನ್ರಿ?”

“ಇಲ್ಲ, ಮುಗದು ಎರಡು ತಿಂಗಳಾತು. ಈ ವಾರ ಅರ್ಜಿ ಹಾಕಬೇಕಂತಿದ್ದೆ, ಹೆಂಗೂ ಬ್ಯಾಡಾತಲ್ಲ ಅಂತ ಬಿಟ್ಟೆ. ಸುಳ್ಳಿದ್ರ ನೀ ಯಾಕ ಹೇಳಲಿಲ್ಲೋ? ನಿನಗ ಎಲ್ಲಾ ಗೊತ್ತಿತ್ತಲ್ಲ.”

“ಮೂರು ದಿನ ಬರದೇನ್ರಿ, ಗುಂಪಿನ್ಯಾಗ.”

“ಹೌದೇನು? ಮೊದಲ ಮೆಸೇಜ್ ಓದಿದೆ. ಆಮ್ಯಾಲೆ ನಿನ್ನ ಉದ್ದನ್ನ ಕಾಗದ ಬರಾಕ ಹತ್ತಿದ್ವು, ಟಿಣ್ ಟಿಣ್ ಅಂತ ತಲಿ ಕೆಟ್ಟು ಅದರ ಸದ್ದು ಬಂದ್ ಮಾಡಿಬಿಟ್ಟೆ. ತಗದೂ ನೋಡಲಿಲ್ಲ.”

ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಇಬ್ಬರೂ ಠಾಣೆಗೆ ಹೋದೆವು. ಅಲ್ಲಿಯ ಅಧಿಕಾರಿ ಕಾಕಾನಿಗೆ ಬುದ್ಧಿ ಹೇಳಿ, ಹೇಳಿಕೆ ಬರೆಸಿಕೊಂಡು ಬಂದೂಕು ಇಟ್ಟುಕೊಂಡರು. ನವೀಕರಣಕ್ಕೆ ಅರ್ಜಿ ಹಾಕಲು ಹೇಳಿದರು. ಬಸ್ಸಿಗೆ ಬಿಡಲು ಬಂದ ಕಾಕಾ, “ಇನ್ನ ಸದ್ದು ಚಾಲೂ ಇಡ್ತೀನಿ, ನೀ ಬರದದ್ದು ಓದ್ತೀನಿ” ಎಂದು ಮಾತು ಕೊಟ್ಟರು.

ಮನೆ ಸೇರಿ ವೀರೇಶನಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವನು ಗಾಬರಿಯಾದ. ಕೂಡಲೇ ಗುಂಪಿನಲ್ಲಿ, ‘ನಾನು ಹಾಕಿದ್ದು ಸುಳ್ಳು. ಕ್ಶಮಿಸಿ’ ಎಂದು ಬರೆದ. ಮೂರು ದಿನ ನಿಜ ಬರೆದ ನನಗೆ ಒಂದು ಹೆಬ್ಬೆರಳೂ ಬಂದಿರಲಿಲ್ಲ; ಅವನಿಗೆ ಕ್ಷಣದಲ್ಲಿ ಗುಂಪಿನ ತುಂಬ ಮುಗಿದ ಕೈಗಳು, ಹೂವು. “ನನ್ನ ತಮ್ಮಂದು ಎಷ್ಟು ದೊಡ್ಡ ಮನಸ್ಸು ನೋಡ್ರಿ” ಎಂದಳು ನನ್ನ ಹೆಂಡತಿ. ಸುಮ್ಮನಿರಬೇಕಿತ್ತು. ಆದರೆ ‘ಕ್ಷಮಿಸಿ’ ಎಂಬುದಕ್ಕೆ ಷ ಒತ್ತು ಬರಬೇಕು, ಶ ಅಲ್ಲ, ಏಕೆಂದರೆ... ಎಂದು ಶುರುಮಾಡಿ ಎಂಟು ಸಾಲು ಬರೆದು ಕಳಿಸಿದೆ.

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಮೂಡಿತು: ಹನುಮಸಾಗರ ಕಾಕಾ ಗುಂಪನ್ನು ತೊರೆದಿದ್ದಾರೆ.